ಡ್ರೈವಿಂಗ್ ಸ್ಕೂಲ್ ಮಾಸ್ತರ್ ಆಗೋಕೆ ಏನೇನು ಬೇಕು? ಕಲಬುರಗಿ ಕಡೆಯವರು ಹೇಳಿ

ಗಂಜ್‌ರೋಡ್:
ನಮಸ್ಕಾರ ರೀ ಎಲ್ಲರಿಗೂ. ನಾನು ಹೈದರಾಬಾದ್‌ನಲ್ಲಿ ಕ್ಯಾಬ್ ಓಡಿಸುತ್ತಿದ್ದೆ. ಅಪ್ಪನಿಗೆ ಆರಾಮಿಲ್ಲ ಅಂತ ವಾಪಸ್ ಕಲಬುರಗಿಗೆ ಬಂದೆ. ಈಗ ಒಂದು ಡ್ರೈವಿಂಗ್ ಸ್ಕೂಲ್‌ನಲ್ಲಿ ಬೆಳಗಿನ ಬ್ಯಾಚಿಗೆ ಕಲಿಸುತ್ತಿದ್ದೇನೆ. ಕೆಲಸ ಇಷ್ಟ ಆಗಿದೆ, ಮಂದಿಯೂ ಬರುತ್ತಾರೆ. ಆದರೆ ಆಫೀಸಿನ ಗೋಡೆಗೆ ಹಾಕಿರುವ ಸರ್ಟಿಫಿಕೇಟ್‌ನಲ್ಲಿ ಹೆಸರು ಬೇರೆ ಯಾರದೋ ಇದೆ. ಆ ಮನುಷ್ಯನ ಮುಖವನ್ನೂ ನಾನು ನೋಡಿಲ್ಲ. ಮಾಲೀಕರನ್ನು ಕೇಳಿದರೆ "ನೀನು ಗಾಡಿ ಕಲಿಸು, ಪೇಪರ್ ಚಿಂತೆ ನನಗಿರಲಿ" ಅನ್ನುತ್ತಾರೆ. ನಾಳೆ ರಿಂಗ್ ರೋಡ್‌ನಲ್ಲಿ ಏನಾದರೂ ಆದರೆ ನನ್ನ ಗತಿ ಏನು?

ಅದಕ್ಕೇ ನಾನೇ ಸರಿಯಾಗಿ ಅರ್ಹತೆ ಮಾಡಿಕೊಳ್ಳೋಣ ಅಂತ. ಎಸ್ಸೆಸ್ಸೆಲ್ಸಿ ಪಾಸ್ ಆಗಿದ್ದೇನೆ. ಲೈಸೆನ್ಸ್ ಐದು ವರ್ಷಕ್ಕಿಂತ ಹಳೆಯದು, ಟ್ರಾನ್ಸ್‌ಪೋರ್ಟ್ ಕೂಡ ಇದೆ, ಆದರೆ ತೆಲಂಗಾಣದ್ದು. ಐಟಿಐ ಮಾಡಿಲ್ಲ. ಕಲಿಸುವವರಿಗೆ ಅಂತ ಬೇರೆ ಪರೀಕ್ಷೆ ಏನಾದರೂ ಇದೆಯಾ? ಆರ್‌ಟಿಒದಲ್ಲಿ ಬರೆಯಬೇಕಾ? ಗೊತ್ತಿದ್ದವರು ಹೇಳಿ.

ತೊಗರಿಕಣಜ:
ಏನೂ ಬೇಡ ಅಣ್ಣಾ. ಹೆವಿ ಲೈಸೆನ್ಸ್ ಮಾಡಿಸಿಕೋ, ಮುಗೀತು. ಹೆವಿ ಇದ್ದವರು ಯಾರಿಗೆ ಬೇಕಾದರೂ ಕಲಿಸಬಹುದು.

ಫಾರ್ಮ್‌ಹನ್ನೆರಡು:
ಹೆವಿಗೂ ಇದಕ್ಕೂ ಸಂಬಂಧ ಇಲ್ಲ ರೀ. ಸುಮ್ನೆ ದಾರಿ ತಪ್ಪಿಸಬೇಡಿ.

ಗಂಜ್‌ರೋಡ್ ಅವರೇ, ನಮ್ಮ ದೇಶದಲ್ಲಿ ಸಾದಾ ಡ್ರೈವಿಂಗ್ ಸ್ಕೂಲ್ ಮಾಸ್ತರಿಗೆ ಅಂತ ಬೇರೆ ಲೈಸೆನ್ಸ್ ಇಲ್ಲ, ಬೇರೆ ಪರೀಕ್ಷೆಯೂ ಇಲ್ಲ. ಲೈಸೆನ್ಸ್ ಕೊಡುವುದು ಸ್ಕೂಲಿಗೆ. 1988ರ ಮೋಟಾರು ವಾಹನ ಕಾಯ್ದೆಯ 12ನೇ ಸೆಕ್ಷನ್, ಅದರ ಕೆಳಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 24ನೇ ನಿಯಮ. ಅರ್ಜಿದಾರರೇ ಕಲಿಸಲಿ, ಅವರು ಇಟ್ಟುಕೊಂಡ ಸಿಬ್ಬಂದಿ ಕಲಿಸಲಿ, ಕಲಿಸುವವರಿಗೆ ಇಷ್ಟು ಇರಬೇಕು ಅಂತ ಅಲ್ಲಿದೆ. ಹತ್ತನೇ ತರಗತಿ ಪಾಸ್. ಕನಿಷ್ಠ 5 ವರ್ಷ ಗಾಡಿ ಓಡಿಸಿದ ಅನುಭವ. ಅದರ ಜೊತೆಗೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್, ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಅದಕ್ಕಿಂತ ಮೇಲಿನ ಓದು. ಅದು ಸರ್ಕಾರಿ ಸಂಸ್ಥೆಯದ್ದಾಗಿರಬೇಕು, ಇಲ್ಲವೇ ರಾಜ್ಯದ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆ ಇರುವ ಸಂಸ್ಥೆಯದ್ದು. ಇದಲ್ಲದೆ ರಸ್ತೆ ಚಿಹ್ನೆಗಳು ಪೂರ್ತಿ ಗೊತ್ತಿರಬೇಕು, ಗಾಡಿಯ ಭಾಗಗಳನ್ನು ತೋರಿಸಿ ವಿವರಿಸಲು ಬರಬೇಕು, ಇಂಗ್ಲಿಷ್ ಅಥವಾ ಆ ಭಾಗದ ಭಾಷೆ ಸಾಕಷ್ಟು ಬರಬೇಕು.

ಅಂದರೆ ನಿಮಗೆ ಕಡಿಮೆ ಇರುವುದು ಮೆಕ್ಯಾನಿಕ್ ಸರ್ಟಿಫಿಕೇಟ್ ಒಂದೇ. ತೆಲಂಗಾಣದ ಡಿಎಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಡಿಎಲ್ ಇಡೀ ದೇಶಕ್ಕೆ ನಡೆಯುತ್ತದೆ. ವಿಳಾಸ ಮಾತ್ರ ಸಾರಥಿ ಪೋರ್ಟಲ್‌ನಲ್ಲಿ, ಅಂದರೆ ಲೈಸೆನ್ಸ್ ಕೆಲಸದ ಸರ್ಕಾರಿ ವೆಬ್‌ಸೈಟ್‌ನಲ್ಲಿ, ಬದಲಿಸಿಕೊಳ್ಳಿ.

ತೊಗರಿಕಣಜ:
ಕಾಗದದಲ್ಲಿ ನೂರು ಇರುತ್ತೆ ಸಾಹೇಬ್ರೆ. ನಮ್ಮ ಊರಲ್ಲಿ ನಡೆಯೋದು ಬೇರೆ.

ಫಾರ್ಮ್‌ಹನ್ನೆರಡು:
ಅವರು ಕೇಳಿದ್ದೇ ಕಾಗದದ ಬಗ್ಗೆ ಅಲ್ವಾ?

ಬಿಸಿಲೂರಿನವ:
ಒಂದು ತಮಾಷೆ ನೋಡ್ರಿ. ಲಾರಿ, ಬಸ್ ಓಡಿಸಲು ಎಂಟನೇ ಕ್ಲಾಸ್ ಪಾಸ್ ಆಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಕಲಿಸುವವನಿಗೆ ಮಾತ್ರ ಹತ್ತನೇದು ಬೇಕೇ ಬೇಕು. ನಮ್ಮ ಕಾಕಾ ಸೊಲ್ಲಾಪುರ–ಹೈದರಾಬಾದ್ ಲೈನ್‌ನಲ್ಲಿ ಲಾರಿ ಓಡಿಸಿ ಮುದುಕರಾದವರು. ಹುಮನಾಬಾದ್ ದಾಟಿ ಗಾಡಿ ಕೆಟ್ಟರೆ ಮೆಕ್ಯಾನಿಕ್ ಹುಡುಕುತ್ತಿರಲಿಲ್ಲ, ತಾವೇ ಕೆಳಗೆ ಹೋಗಿ ಮಲಗುತ್ತಿದ್ದರು. ಓದಿದ್ದು ನಾಲ್ಕನೇದು. ಅವರ ಕೈಕೆಳಗೆ ಕಲಿತ ಕ್ಲೀನರ್‌ಗಳು ಇವತ್ತು ಸ್ವಂತ ಗಾಡಿ ಇಟ್ಟಿದ್ದಾರೆ. ಅಂಥ ಉಸ್ತಾದ್‌ಗೆ ಸರ್ಕಾರದ ಲೆಕ್ಕದಲ್ಲಿ ಕಲಿಸುವ ಯೋಗ್ಯತೆ ಇಲ್ಲ.

ಐಟಿಐಮಾಸ್ತರ್:
ನಿಮ್ಮ ಕಾಕಾ ಬಗ್ಗೆ ಗೌರವ ಇದೆ. ಆದರೆ ಕ್ಲೀನರ್ ಆಗಿ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕಲಿಯೋದು ಬೇರೆ, ಫೀ ಕಟ್ಟಿ ಬಂದ ಬ್ಯಾಂಕ್ ನೌಕರರಿಗೆ ಒಂದು ತಿಂಗಳೊಳಗೆ ಕಲಿಸೋದು ಬೇರೆ. ಈಜು ಬರುವವರೆಲ್ಲ ಈಜು ಕಲಿಸುತ್ತಾರಾ?

ನಾನು ಈ ಭಾಗದ ಒಂದು ಐಟಿಐಯಲ್ಲಿ ಕಲಿಸುತ್ತೇನೆ, ಅದಕ್ಕೆ ಸರ್ಟಿಫಿಕೇಟ್ ವಿಷಯ ಹೇಳುತ್ತೇನೆ. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ (ಐಟಿಐ ಕೋರ್ಸಿಗೆ ಟ್ರೇಡ್ ಅಂತೀವಿ) 2 ವರ್ಷದ್ದು. ಮೆಕ್ಯಾನಿಕ್ ಡೀಸೆಲ್ 1 ವರ್ಷದ್ದು. ಎರಡಕ್ಕೂ ಹತ್ತನೇದು ಸಾಕು. ವಯಸ್ಸಾಯಿತು ಅಂತ ಹಿಂಜರಿಯಬೇಡಿ, 14 ತುಂಬಿರಬೇಕು ಅಂತಿದೆ ಅಷ್ಟೇ. ನಮ್ಮ ಕ್ಲಾಸಿನಲ್ಲಿ ಮೀಸೆ ಬಂದಿಲ್ಲದ ಹುಡುಗರ ಪಕ್ಕದಲ್ಲಿ ಮಕ್ಕಳಿರುವ ಅಪ್ಪಂದಿರೂ ಕೂತಿರುತ್ತಾರೆ.

ಮೆಕ್ಯಾನಿಕ್ ಓದು ಯಾಕೆ ಅಂತ ಬಹಳ ಮಂದಿ ಕೇಳುತ್ತಾರೆ. ನಾನು ಹುಡುಗರಿಗೆ ಮೊದಲು ಹಳೇ ಕ್ಲಚ್ ಪ್ಲೇಟ್ ಒಂದನ್ನು ಕೈಗೆ ಕೊಡುತ್ತೇನೆ. ಅಂಚು ಸುಟ್ಟು ಕಪ್ಪಾಗಿ, ರಿವಿಟ್ ಹೊರಗೆ ಬಂದಿರುತ್ತದೆ. ಬೆರಳಾಡಿಸಿದರೆ ಗಾಜಿನ ಹಾಗೆ ನುಣುಪು. ಹಾಫ್ ಕ್ಲಚ್‌ನಲ್ಲಿ ಕಾಲಿಟ್ಟುಕೊಂಡೇ ಓಡಿಸಿದರೆ ಏನಾಗುತ್ತೆ ಅಂತ ಆಮೇಲೆ ಬಾಯಲ್ಲಿ ಹೇಳಬೇಕಾಗಿಲ್ಲ. ಡ್ರೈವಿಂಗ್ ಸ್ಕೂಲ್‌ನಲ್ಲಿ "ಕ್ಲಚ್ ಬಿಡು ಕ್ಲಚ್ ಬಿಡು" ಅಂತ ಕೂಗುವ ಬದಲು ಇದನ್ನು ಒಮ್ಮೆ ತೋರಿಸಲಿ ನೋಡೋಣ. 24ನೇ ನಿಯಮದಲ್ಲಿ ಸ್ಕೂಲ್‌ನಲ್ಲಿ ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಶೂ, ಡ್ರಮ್ ಇಟ್ಟಿರಬೇಕು ಅಂತ ಬರೆದಿರುವುದು ಅದಕ್ಕೇ. ಬೋರ್ಡು, ಸಿಗ್ನಲ್ ಚಾರ್ಟು, ಪಂಕ್ಚರ್ ಕಿಟ್, ಜಾಕ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೂಡ ಇರಬೇಕು. ನೀವು ಕಲಿತ ಸ್ಕೂಲ್‌ನಲ್ಲಿ ಇವುಗಳಲ್ಲಿ ಎಷ್ಟು ನೋಡಿದ್ದೀರಿ?

ಜೇವರ್ಗಿಬೇಸ್:
ಕುರ್ಚಿ ಇತ್ತು, ಟೇಬಲ್ ಇತ್ತು, ದೇವರ ಫೋಟೋ ಇತ್ತು 😂

ಶಹಾಪುರದವ:
ನಮ್ಮ ಯಾದಗಿರಿ ಕಡೆ ಟೇಬಲ್ ಕೂಡ ಇರಲಿಲ್ಲ ರೀ. ಜೆರಾಕ್ಸ್ ಅಂಗಡಿಯ ಮೂಲೆ ಒಂದು, ಅಲ್ಲೇ ಎಲ್‌ಎಲ್‌ಆರ್ ಅರ್ಜಿ, ಅಲ್ಲೇ ಇನ್ಶೂರೆನ್ಸ್.

ಕೋಟೆಬೀದಿ:
ಬೀದರ್‌ನಿಂದ. ನನ್ನ ತಮ್ಮ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾನೆ, ಈಗ ಇದೇ ಕೆಲಸಕ್ಕೆ ತಯಾರಿ ಮಾಡುತ್ತಿದ್ದಾನೆ. ಅಲ್ಲಿಯ ಕಥೆ ಕೇಳಿದರೆ ನೀವು ಐಟಿಐ ಸರ್ಟಿಫಿಕೇಟ್‌ಗೆ ಕೈ ಮುಗಿಯುತ್ತೀರಿ.

ಅಲ್ಲಿ ಲೈಸೆನ್ಸ್ ಸ್ಕೂಲಿಗಲ್ಲ, ಕಲಿಸುವ ಮನುಷ್ಯನಿಗೇ. ಡಿವಿಎಸ್‌ಎ ಅಂತ ಸರ್ಕಾರಿ ಸಂಸ್ಥೆ ಇದೆ, ಅದರ ಪಟ್ಟಿಯಲ್ಲಿ ಹೆಸರು ಇಲ್ಲದೆ ದುಡ್ಡು ತಗೊಂಡು ಕಾರು ಕಲಿಸುವ ಹಾಗೇ ಇಲ್ಲ. 21 ವರ್ಷ ತುಂಬಿರಬೇಕು, ಲೈಸೆನ್ಸ್ 3 ವರ್ಷದ್ದಾಗಿರಬೇಕು. ಆಮೇಲೆ ಮೂರು ಪರೀಕ್ಷೆ. ಮೊದಲನೇದು ಕಂಪ್ಯೂಟರ್ ಮುಂದೆ, 100 ಪ್ರಶ್ನೆ. ಜೊತೆಗೆ ರಸ್ತೆಯ ವಿಡಿಯೋ ತೋರಿಸುತ್ತಾರೆ, ಅಪಾಯ ಕಂಡ ಕೂಡಲೇ ಒತ್ತಬೇಕು. ಎರಡನೇದು ನೀವೇ ಸುಮಾರು ಒಂದು ತಾಸು ಓಡಿಸಿ ತೋರಿಸಬೇಕು. ಸಣ್ಣ ತಪ್ಪು 6ಕ್ಕಿಂತ ಜಾಸ್ತಿ ಆದರೆ ಫೇಲ್, ದೊಡ್ಡದು ಒಂದಾದರೂ ಫೇಲ್. ಮೂರನೇದು ಭಾಳ ಬಿಗಿ. ನಿಮ್ಮ ವಿದ್ಯಾರ್ಥಿಯನ್ನು ನೀವು ಕರ್ಕೊಂಡು ಹೋಗಿ ಪಾಠ ಮಾಡಬೇಕು, ಪರೀಕ್ಷಕರು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಾರೆ. 17 ಅಂಶ, ಒಟ್ಟು 51 ಅಂಕ, 31 ಬಂದರೆ ಪಾಸ್. ವಿದ್ಯಾರ್ಥಿ ಹೇಗೆ ಓಡಿಸಿದ ಅಂತ ನೋಡೋದಲ್ಲ, ನೀವು ಹೇಗೆ ಕಲಿಸಿದಿರಿ, ಅಪಾಯ ಬಂದಾಗ ಯಾವಾಗ ಕೈ ಹಾಕಿದಿರಿ ಅಂತ ನೋಡೋದು. ಎರಡನೇ ಮತ್ತು ಮೂರನೇ ಪರೀಕ್ಷೆಗೆ ಮೂರು ಮೂರು ಸಲ ಮಾತ್ರ ಅವಕಾಶ, ಮೊದಲನೇದು ಪಾಸಾದ ಎರಡು ವರ್ಷದೊಳಗೆ ಎಲ್ಲ ಮುಗಿಯಬೇಕು. ನಡುವೆ ಅಭ್ಯಾಸಕ್ಕೆ ಅಂತ 6 ತಿಂಗಳ ಗುಲಾಬಿ ಬ್ಯಾಡ್ಜ್ ಸಿಗುತ್ತದೆ. ಪೂರ್ತಿ ಪಾಸಾದರೆ ಹಸಿರು ಬ್ಯಾಡ್ಜ್, ಕಾರಿನ ಮುಂದಿನ ಗಾಜಿಗೆ ಅಂಟಿಸಿಕೊಳ್ಳಬೇಕು. ಅದನ್ನೂ ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು.

ತಮ್ಮ ಇಲ್ಲಿ ಇದ್ದಾಗ ಚಿದ್ರಿ ರಸ್ತೆಯಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದ. ಈಗ ಫೋನ್‌ನಲ್ಲಿ ಮಾತಾಡಿದರೆ ಬರೀ ಕನ್ನಡಿ ಕನ್ನಡಿ ಅಂತಾನೆ.

ತೊಗರಿಕಣಜ:
ಅಲ್ಲಿ ದನ ಅಡ್ಡ ಬರಲ್ಲ, ಶೇರ್ ಆಟೋ ಇಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಸುತ್ತು ಹಾಕಲಿ ಆ ಪರೀಕ್ಷಕರು.

ಕೋಟೆಬೀದಿ:
ಅದಕ್ಕೇ ಅಲ್ವಾ ಇಲ್ಲಿ ಕಲಿಸುವವರಿಗೆ ಇನ್ನೂ ಜಾಸ್ತಿ ತರಬೇತಿ ಬೇಕಾಗಿರೋದು? ನಮ್ಮಲ್ಲಿ ಕಲಿಸುವ ಕಲೆಯನ್ನು ಯಾರೂ ಪರೀಕ್ಷೆ ಮಾಡುವುದೇ ಇಲ್ಲ. ಹತ್ತನೇದು ನೋಡುತ್ತಾರೆ, ವರ್ಷ ನೋಡುತ್ತಾರೆ, ಸ್ಪ್ಯಾನರ್ ಹಿಡಿಯಲು ಬರುತ್ತಾ ನೋಡುತ್ತಾರೆ. ಪಾಠ ಮಾಡಲು ಬರುತ್ತಾ ಅನ್ನೋದನ್ನ ಯಾರು ನೋಡಿದರು?

ಬಿಸಿಲೂರಿನವ:
ಈ ಮಾತು ಬರೋಬ್ಬರಿ.

ನೌಬಾದ್‌ಅಕ್ಕ:
ನಾನು ಇದೇ ಮಾತು ಹೇಳೋಣ ಅಂತ ಬಂದೆ. ನನಗೆ ಕಲಿಸಿದವರು ಕೆಟ್ಟವರಲ್ಲ, ಆದರೆ ಎದುರಿಗೆ ಏನಾದರೂ ಬಂದ ಕೂಡಲೇ ಅವರೇ ಸ್ಟೇರಿಂಗ್ ಕಸಿದುಕೊಳ್ಳುತ್ತಿದ್ದರು. ಬ್ರೇಕ್ ಅವರೇ ಒತ್ತುತ್ತಿದ್ದರು, ಕ್ಲಚ್ ಅವರೇ ಒತ್ತುತ್ತಿದ್ದರು. ಕೋರ್ಸ್ ಮುಗಿದ ಮೇಲೆ ನಮ್ಮ ಸ್ವಂತ ಕಾರಿನಲ್ಲಿ ಕೂತರೆ ಗಾಡಿ ಹೆಜ್ಜೆಗೊಮ್ಮೆ ಬಂದ್ ಆಗುತ್ತಿತ್ತು. ಇಷ್ಟು ದಿನ ಓಡಿಸಿದ್ದು ನಾನಲ್ಲ, ಅವರು ಅಂತ ಆಗ ಗೊತ್ತಾಯಿತು. ಆಮೇಲೆ ಮನೆಯವರ ಜೊತೆ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮತ್ತೆ ಮೊದಲಿಂದ ಕಲಿತೆ.

ಈಗ ನಮ್ಮ ಓಣಿಯ ಹೆಣ್ಣುಮಕ್ಕಳು "ಅಕ್ಕಾ, ನೀವೇ ಕಲಿಸ್ರಿ" ಅಂತ ಬೆನ್ನು ಹತ್ತಿದ್ದಾರೆ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಲೈಸೆನ್ಸ್ 5 ವರ್ಷ ದಾಟಿದೆ, ಆದರೆ ಓಡಿಸಿದ್ದು ಮನೆ ಕಾರು ಮಾತ್ರ. ನಾನು ಅರ್ಹಳಾ?

ಫಾರ್ಮ್‌ಹನ್ನೆರಡು:
ಅಕ್ಕಾರೆ, ನಿಯಮದಲ್ಲಿ "ಕನಿಷ್ಠ ಐದು ವರ್ಷದ ಚಾಲನಾ ಅನುಭವ" ಎಂದಷ್ಟೇ ಇದೆ. ಟ್ಯಾಕ್ಸಿ ಓಡಿಸಿರಬೇಕು, ಲಾರಿ ಓಡಿಸಿರಬೇಕು ಅಂತ ಎಲ್ಲೂ ಇಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟ್‌ಗಿಂತ ಮೇಲಿನದು. ಗಂಜ್‌ರೋಡ್ ಅಣ್ಣನಿಗಿಂತ ನೀವೇ ಮುಂದಿದ್ದೀರಿ.

ಜೇವರ್ಗಿಬೇಸ್:
ಹೆಂಗಸರು ಕಾರು ಕಲಿಸೋದು ನಮ್ಮ ಕಡೆ ನಡೆಯುತ್ತಾ? ಗಂಡಸರು ಬರಲ್ಲ ಬಿಡಿ.

ನೌಬಾದ್‌ಅಕ್ಕ:
ಬರಬೇಡಿ ಅಂತ ನಾನೇ ಹೇಳುತ್ತಿದ್ದೇನೆ ರೀ. ಬರುವವರಿಗೇ ಟೈಮ್ ಸಾಲುತ್ತಿಲ್ಲ.

ಶಹಾಪುರದವ:
ಭಲೇ ಅಕ್ಕಾ 👏

ಹಳೇಉಸ್ತಾದ್:
ಸಾರಿಗೆ ಬಸ್ ಓಡಿಸಿ ರಿಟೈರ್ ಆದವನು ನಾನು. ನಿಗಮಕ್ಕೆ ಈಶಾನ್ಯ ಅಂತ ಹೆಸರಿದ್ದಾಗಿನಿಂದ ಇದ್ದೆ, ಈಗ ಕಲ್ಯಾಣ ಕರ್ನಾಟಕ ಸಾರಿಗೆ ಅಂತಾರೆ. ಹೊಸದಾಗಿ ಬಂದ ಡ್ರೈವರ್‌ಗಳನ್ನು ನನ್ನ ಪಕ್ಕ ಕೂರಿಸುತ್ತಿದ್ದರು. ಈಗ ಮೊಮ್ಮಗಳಿಗೆ, ಅಕ್ಕಪಕ್ಕದವರಿಗೆ ಕಾರು ಹೇಳಿಕೊಡುತ್ತೇನೆ. ಸರ್ಟಿಫಿಕೇಟ್ ಮಾತು ನೀವು ಓದಿದವರು ಆಡಿಕೊಳ್ಳಿ. ಎಡಗಡೆ ಸೀಟಿನ ಮಾತು ನಾನು ಹೇಳುತ್ತೇನೆ.

ಕಲಿಸುವವನು ರಸ್ತೆ ನೋಡಬೇಕು ನಿಜ, ಆದರೆ ಅದಕ್ಕಿಂತ ಜಾಸ್ತಿ ಕಲಿಯುವವನ ಕಣ್ಣು ನೋಡಬೇಕು. ಕಣ್ಣು ಬಾನೆಟ್ ಮೇಲೆ ನೆಟ್ಟಿದ್ದರೆ ಗಾಡಿ ಹಾವಿನಂತೆ ಹೊರಳುತ್ತದೆ. "ದೂರ ನೋಡು, ಆ ಬೇವಿನ ಮರ ನೋಡು" ಅಂದರೆ ಸಾಕು, ಸ್ಟೇರಿಂಗ್ ತಾನೇ ನೇರ ಆಗುತ್ತದೆ. ಸ್ಟೇರಿಂಗ್ ಬಗ್ಗೆ ಒಂದು ಮಾತೂ ಆಡಬೇಕಿಲ್ಲ. ನನ್ನ ಕಡೆ ಇನ್ನೊಂದು ಸಣ್ಣ ಕನ್ನಡಿ ಅಂಟಿಸಿಕೊಂಡಿದ್ದೇನೆ, ಹಿಂದಿನಿಂದ ಬರುವುದನ್ನು ನಾನೇ ನೋಡಿಕೊಳ್ಳಬೇಕಲ್ಲ.

ಕಲಿಸುವವನು ತನ್ನ ಕಡೆಯ ಬ್ರೇಕ್ ಪೆಡಲ್ ಮೇಲೆ ಕಾಲು ಇಡಬಾರದು. ಪೆಡಲ್ ಪಕ್ಕದಲ್ಲಿ ಹಿಮ್ಮಡಿ ನೆಲಕ್ಕೆ ಊರಿ ಬೆರಳು ಮಾತ್ರ ಎತ್ತಿ ಇಟ್ಟುಕೊಳ್ಳಬೇಕು. ಮೇಲೆ ಇಟ್ಟರೆ ನಿಮಗೆ ಗೊತ್ತಿಲ್ಲದೆ ನೀವೇ ಒತ್ತುತ್ತೀರಿ, ಹುಡುಗ ತಾನೇ ನಿಲ್ಲಿಸಿದೆ ಅಂದುಕೊಳ್ಳುತ್ತಾನೆ. ನೌಬಾದ್ ಅಕ್ಕನವರಿಗೆ ಆಗಿದ್ದು ಅದೇ.

ಮಾತು ಕಡಿಮೆ ಇರಬೇಕು, ಮೊದಲೇ ಹೇಳಬೇಕು. ಸರ್ಕಲ್ ಬಂದ ಮೇಲೆ "ಎಡಕ್ಕೆ ಎಡಕ್ಕೆ" ಅಂದರೆ ಏನು ಉಪಯೋಗ? ಜಗತ್ ಸರ್ಕಲ್ ಇನ್ನೂ ದೂರ ಇರುವಾಗಲೇ "ಮುಂದಿನ ಸರ್ಕಲ್‌ನಲ್ಲಿ ಎಡಕ್ಕೆ, ಈಗ ಸೆಕೆಂಡ್ ಹಾಕು" ಅಂತ ಹೇಳಬೇಕು. ಇನ್ನು ಬೈಯೋದು. ಬೈದರೆ ಕಲಿಯುವವರ ಭುಜ ಮೇಲಕ್ಕೆ ಏರುತ್ತದೆ, ಕೈ ಬಿಗಿಯಾಗುತ್ತದೆ. ಅಲ್ಲಿಗೆ ಅವತ್ತಿನ ಪಾಠ ಮುಗಿದಂತೆ. ನನ್ನನ್ನೂ ನನ್ನ ಉಸ್ತಾದ್ ಬೈದೇ ಕಲಿಸಿದ್ದು, ಕೈ ಮೇಲೆ ಹೊಡೆದೂ ಕಲಿಸಿದ್ದು. ಹಾಗಂತ ನಾನೂ ಹೊಡೆಯಬೇಕು ಅಂತಿಲ್ಲ.

ಗಂಜ್‌ರೋಡ್:
ಕಾಕಾ, ಇದನ್ನು ಪ್ರಿಂಟ್ ಹಾಕಿಸಿ ಕಾರಿನಲ್ಲಿ ಇಟ್ಟುಕೊಳ್ಳುತ್ತೇನೆ. ಹಿಮ್ಮಡಿ ಮಾತು ಯಾರೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಹತ್ತು ಗಂಟೆ ಬ್ಯಾಚಿಗೆ ಬೈಯದೆ ಇರೋದು ಮಾತ್ರ ಕಷ್ಟ ರೀ. ಎಸಿ ಹಾಕಿದರೆ ಪೆಟ್ರೋಲ್ ಅಂತ ಮಾಲೀಕರ ಮುಖ ಕೆಂಪಾಗುತ್ತದೆ.

ಬಿಸಿಲೂರಿನವ:
42 ಡಿಗ್ರಿಯಲ್ಲಿ ಎಸಿ ಇಲ್ಲದೆ ಕಲಿತವರಿಗೆ ಸರ್ಟಿಫಿಕೇಟ್ ಬೇರೆ ಕೊಡಬೇಕು.

ಹೊಸಎಲ್‌ಬೋರ್ಡ್:
ನಾನು ಈಗ ಕಲಿಯುತ್ತಿದ್ದೇನೆ. ಒಂದು ಪ್ರಶ್ನೆ. ನಾಲ್ಕು ಜನರನ್ನು ಒಂದೇ ಕಾರಿನಲ್ಲಿ ತುಂಬಿಕೊಂಡು ಹೋಗುತ್ತಾರೆ, ಒಬ್ಬೊಬ್ಬರಿಗೆ ಕಾಲು ಗಂಟೆ ಸಿಗುತ್ತದೆ. ಇದು ಸರಿನಾ? ಇನ್ನೊಂದು, ಇನ್ನು ಮೇಲೆ ಆರ್‌ಟಿಒದಲ್ಲಿ ಟೆಸ್ಟೇ ಇಲ್ಲ, ಸ್ಕೂಲ್ ಸರ್ಟಿಫಿಕೇಟ್ ಕೊಟ್ಟರೆ ಸಾಕು ಅಂತ ನಮ್ಮ ಸ್ಕೂಲ್‌ನವರು ಹೇಳುತ್ತಾರೆ. ನಿಜನಾ?

ಫಾರ್ಮ್‌ಹನ್ನೆರಡು:
ಮೊದಲ ಪ್ರಶ್ನೆಗೆ 31ನೇ ನಿಯಮ ನೋಡಿ. ಸ್ವಂತ ಬಳಕೆಯ ಗಾಡಿಗೆ ತರಬೇತಿ 21 ದಿನಕ್ಕಿಂತ ಕಡಿಮೆ ಇರಬಾರದು, ಸ್ಟೇರಿಂಗ್ ಹಿಡಿದು ಓಡಿಸಿದ ಹೊತ್ತು 10 ಗಂಟೆಗಿಂತ ಕಡಿಮೆ ಇರಬಾರದು. ಟ್ರಾನ್ಸ್‌ಪೋರ್ಟ್‌ಗೆ 30 ದಿನ, 15 ಗಂಟೆ. 10 ಗಂಟೆಯನ್ನು 21 ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ. ಕಾಲು ಗಂಟೆಯಂತೆ ಹೋದರೆ ಐದು ಗಂಟೆ ಚಿಲ್ಲರೆಯಲ್ಲಿ ಕೋರ್ಸ್ ಮುಗಿದಿರುತ್ತದೆ. ನೀವು ಎಷ್ಟು ಹೊತ್ತು ಓಡಿಸಿದಿರಿ ಅಂತ ಫಾರ್ಮ್ 15ರ ರಿಜಿಸ್ಟರ್‌ನಲ್ಲಿ ಬರೆಯಬೇಕು. ಕೇಳಿ ನೋಡಿ, ತೋರಿಸಲಿ.

ಎರಡನೇದು 2024ರಲ್ಲಿ ಎದ್ದ ಗಾಳಿಸುದ್ದಿ. ಜೂನ್ 1ರಿಂದ ಟೆಸ್ಟ್ ಇಲ್ಲ ಅಂತ ವಾಟ್ಸಾಪ್ ತುಂಬಾ ಓಡಾಡಿತು. ಕೇಂದ್ರ ಸಾರಿಗೆ ಸಚಿವಾಲಯವೇ ಆಗ ಸ್ಪಷ್ಟನೆ ಕೊಟ್ಟಿತು. ಹೊಸದೇನೂ ಇಲ್ಲ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ, ಅಂದರೆ 31ಬಿಯಿಂದ 31ಜೆವರೆಗಿನದು, 2021ರ ಜುಲೈ 1ರಿಂದಲೇ ಇದೆ. ಅಂಥ ಕೇಂದ್ರದಲ್ಲಿ ಪಾಸಾಗಿ ಫಾರ್ಮ್ 5ಬಿ ತಂದರೆ ಟೆಸ್ಟ್ ವಿನಾಯಿತಿ ಇದೆ. ಸಾದಾ ಸ್ಕೂಲ್ ಕೊಡುವ ಫಾರ್ಮ್ 5ಕ್ಕೆ ಇಲ್ಲ. ಆ ಕೇಂದ್ರ ಮಾಡಲು ಬೈಕ್, ಆಟೋ, ಕಾರಿಗೆ 1 ಎಕರೆ ಜಾಗ ಬೇಕು, ಹೆವಿಗೆ 2 ಎಕರೆ. ಸಿಮ್ಯುಲೇಟರ್ ಬೇಕು, ಸ್ವಂತ ಟೆಸ್ಟ್ ಟ್ರ್ಯಾಕ್ ಬೇಕು. ಕಾರಿನ ಕೋರ್ಸೇ 29 ಗಂಟೆ, ಅದರಲ್ಲಿ 8 ಗಂಟೆ ಥಿಯರಿ. ನಿಮ್ಮ ಸ್ಕೂಲ್‌ಗೆ ಎಷ್ಟು ಎಕರೆ ಇದೆ?

ಹೊಸಎಲ್‌ಬೋರ್ಡ್:
ಪಾರ್ಕಿಂಗೂ ಇಲ್ಲ ಸರ್ 😅

ಶಹಾಪುರದವ:
"ಲೈಸೆನ್ಸ್ ಗ್ಯಾರಂಟಿ" ಅಂತ ಬೋರ್ಡ್ ಹಾಕುತ್ತಾರಲ್ಲ, ಅದು?

ಫಾರ್ಮ್‌ಹನ್ನೆರಡು:
ಅದೂ ತಪ್ಪೇ. 27ನೇ ನಿಯಮದಲ್ಲಿ ಸ್ಕೂಲ್‌ಗೆ ಷರತ್ತುಗಳಿವೆ. ನಿಯಮ ಬಿಟ್ಟು ಬೇರೆ ದಾರಿಯಲ್ಲಿ ಲೈಸೆನ್ಸ್ ಕೊಡಿಸಬಲ್ಲೆ ಅಂತ ಯಾರಿಗೂ ನಂಬಿಕೆ ಬರುವಂತೆ ನಡೆದುಕೊಳ್ಳಬಾರದು ಅನ್ನೋದು ಅದರಲ್ಲಿ ಒಂದು. ಫೀ ಎಲ್ಲರಿಗೂ ಕಾಣುವಂತೆ ಹಾಕಿರಬೇಕು ಅಂತಲೂ ಇದೆ.

ತೊಗರಿಕಣಜ:
ಈ ನಿಯಮ ಎಲ್ಲ ಹಿಡಿದರೆ ಒಂದು ಸ್ಕೂಲೂ ಉಳಿಯಲ್ಲ. ಸಣ್ಣವರು ಬದುಕಬೇಕಲ್ಲ ರೀ? ಪೆಟ್ರೋಲ್ ರೇಟ್ ನೋಡಿ. ಮಂದಿ ಫೀ ಚೌಕಾಸಿ ಮಾಡೋದು ನೋಡಿ. ಮೊಬೈಲ್‌ಗೆ ಸಾವಿರಾರು ಕೊಡುತ್ತಾರೆ, ಜೀವ ಉಳಿಸೋ ವಿದ್ಯೆಗೆ ಐನೂರು ಕಡಿಮೆ ಮಾಡಿ ಅಂತಾರೆ. ಹತ್ತು ಗಂಟೆ ಪೂರ್ತಿ ಓಡಿಸಿದರೆ ಮಾಲೀಕನಿಗೆ ಏನು ಉಳಿಯುತ್ತೆ? ನನ್ನ ಭಾವನದೇ ಸ್ಕೂಲ್ ಇತ್ತು, ಮುಚ್ಚಿದ. ಅದಕ್ಕೇ ಹೇಳುತ್ತಿದ್ದೇನೆ.

ಐಟಿಐಮಾಸ್ತರ್:
ಈಗ ಅರ್ಥ ಆಯ್ತು ನೋಡಿ ನೀವು ಯಾಕೆ ಇಷ್ಟು ಬಿಸಿ ಆಗಿದ್ದೀರಿ ಅಂತ. ನೀವು ಹೇಳೋದರಲ್ಲಿ ಸತ್ಯ ಇದೆ. ಕಲಿಯುವವರೂ "ಬೇಗ ಮುಗಿಸಿ, ಲೈಸೆನ್ಸ್ ಕೊಡಿಸಿ" ಅಂತಲೇ ಬರುತ್ತಾರೆ.

ಜೇವರ್ಗಿಬೇಸ್:
ಎಲ್ಲರೂ ಆಟೋಮ್ಯಾಟಿಕ್ ಕಾರು ತಗೊಂಡರೆ ಈ ಕ್ಲಚ್ ರಗಳೆಯೇ ಇರಲ್ಲ. ಲೈಸೆನ್ಸ್ ಅಂತೂ ಎರಡಕ್ಕೂ ಒಂದೇ.

ಹಳೇಉಸ್ತಾದ್:
ಕ್ಲಚ್ ಇಲ್ಲ ಅಂತ ಕಣ್ಣು ಮುಚ್ಚಿಕೊಂಡು ಓಡಿಸ್ತೀಯೇನಪ್ಪ?

ಗಂಜ್‌ರೋಡ್:
ಎಲ್ಲರೂ ಸ್ವಲ್ಪ ನನ್ನ ಕಡೆ ಬನ್ನಿ ರೀ 🙏 ನನ್ನ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ. ಒಂದು, ಮೂರು ತಿಂಗಳ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಅಂತ ಕೊಡುತ್ತಾರಲ್ಲ, ಅದು ನಡೆಯುತ್ತಾ? ಎರಡು, ಈಗ ನಾನು ಕಲಿಸುತ್ತಿರೋದು ಕಾನೂನು ಪ್ರಕಾರ ತಪ್ಪಾ? ಮೂರು, ಮುಂದೆ ಸ್ವಂತ ಸ್ಕೂಲ್ ಮಾಡಬೇಕಂದರೆ?

ಬಿಸಿಲೂರಿನವ:
ಮೂರು ತಿಂಗಳದ್ದು ನಡೆಯುತ್ತೆ. ನಮ್ಮ ಅಳಿಯ ಅದನ್ನೇ ಕೊಟ್ಟಿದ್ದು.

ಐಟಿಐಮಾಸ್ತರ್:
ಎಷ್ಟು ತಿಂಗಳು ಅಂತ ನಿಯಮದಲ್ಲಿ ಬರೆದಿಲ್ಲ, ಯಾವ ಸಂಸ್ಥೆ ಅಂತ ಬರೆದಿದೆ. ನಿಮ್ಮ ಅಳಿಯನದು ಸರ್ಕಾರಿ ಸಂಸ್ಥೆಯದ್ದೋ ಮಾನ್ಯತೆ ಇರುವುದೋ ಆಗಿದ್ದಿರಬೇಕು. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಪೋಸ್ಟರ್ ನೋಡಿ ದುಡ್ಡು ಕಟ್ಟಬೇಡಿ. ಫೀ ಕಟ್ಟುವ ಮೊದಲು ಸಂಸ್ಥೆಯ ಮಾನ್ಯತೆ ಪತ್ರದ ಪ್ರತಿ ತಗೊಂಡು ಆರ್‌ಟಿಒ ಆಫೀಸಿಗೆ ಹೋಗಿ, ಇದನ್ನು ಒಪ್ಪುತ್ತೀರಾ ಅಂತ ಕೇಳಿ. ನನ್ನ ಸಲಹೆ ಒಂದು ವರ್ಷದ ಡೀಸೆಲ್ ಟ್ರೇಡ್. ಯಾವ ಆಫೀಸರ್ ಬಂದರೂ ಪ್ರಶ್ನೆ ಮಾಡಲ್ಲ, ಕೈಗೂ ಒಂದು ವಿದ್ಯೆ ಬರುತ್ತದೆ.

ಫಾರ್ಮ್‌ಹನ್ನೆರಡು:
ಎರಡನೇದಕ್ಕೆ ನಾನು ಹೇಳುತ್ತೇನೆ. ಎಲ್ ಬೋರ್ಡ್ ಗಾಡಿಯಲ್ಲಿ ಪಕ್ಕ ಕೂರುವವರಿಗೆ ಆ ಗಾಡಿಯ ಡಿಎಲ್ ಇರಬೇಕು, ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಹಾಗೆ ಕೂತಿರಬೇಕು. ಇದು 3ನೇ ನಿಯಮ. ಅದು ನಿಮಗೆ ಇದೆ, ಹಾಗಾಗಿ ಪಕ್ಕ ಕೂರುವುದೇ ತಪ್ಪು ಅಂತ ಆಗಲ್ಲ. ತಪ್ಪು ಇರುವುದು ಸ್ಕೂಲ್ ನಿಮ್ಮನ್ನು ಮಾಸ್ತರ್ ಅಂತ ಇಟ್ಟುಕೊಂಡು ಇನ್ನೊಬ್ಬರ ಕಾಗದ ತೋರಿಸುವುದರಲ್ಲಿ. 28ನೇ ನಿಯಮದಲ್ಲಿ ಸ್ಕೂಲಿನ ಲೈಸೆನ್ಸ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಡಬಲ್ ಕಂಟ್ರೋಲ್, ಅಂದರೆ ಕಲಿಸುವವರ ಕಡೆಗೂ ಪೆಡಲ್, ಇದೆಯಾ ಕಾರಿಗೆ? ಬೈಕ್ ಬಿಟ್ಟು ತರಬೇತಿಯ ಎಲ್ಲ ಗಾಡಿಗೂ ಇರಲೇಬೇಕು. ಹಾಗೇ ಆ ಗಾಡಿ ಕಲಿಸುವುದಕ್ಕೆ ಮಾತ್ರ, ಮದುವೆ ದಿಬ್ಬಣಕ್ಕಲ್ಲ.

ಸ್ವಂತ ಸ್ಕೂಲ್‌ಗೆ ಫಾರ್ಮ್ 12ರಲ್ಲಿ ಅರ್ಜಿ, ಫೀ 10,000 ರೂಪಾಯಿ, ಲೈಸೆನ್ಸ್ 5 ವರ್ಷಕ್ಕೆ. ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬೇಕು. ಸ್ವಂತದ್ದೋ ಲೀಸಿನದೋ ಜಾಗ, ಯಾವ ಯಾವ ಬಗೆಯ ಗಾಡಿ ಕಲಿಸುತ್ತೀರೋ ಒಂದೊಂದಾದರೂ ನಿಮ್ಮ ಹೆಸರಿನಲ್ಲಿ ಗಾಡಿ, ಪಾಠ ಮಾಡಲು ಕೋಣೆ. ನಿಮಗೆ ಸರ್ಟಿಫಿಕೇಟ್ ಇಲ್ಲದಿದ್ದರೂ ಅರ್ಹತೆ ಇರುವವರನ್ನು ಸಿಬ್ಬಂದಿಯಾಗಿ ಇಟ್ಟುಕೊಂಡು ಶುರು ಮಾಡಬಹುದು. ಆದರೆ ನಿಜವಾಗಿ ಅವರೇ ಕಲಿಸಬೇಕು.

ಜೇವರ್ಗಿಬೇಸ್:
ಹಾಗಾದರೆ ನೌಬಾದ್ ಅಕ್ಕನವರನ್ನೇ ಕಲಬುರಗಿಗೆ ಕರೆಸಿಕೊಳ್ಳಿ 😄

ನೌಬಾದ್‌ಅಕ್ಕ:
ಮೊದಲು ಗಂಡಸರು ಬರಲ್ಲ ಅಂದ್ರಿ, ಈಗ ಮಾಸ್ತರೇ ಮಾಡಿದ್ರಿ. ನಾನು ಬೀದರ್ ಬಿಟ್ಟು ಬರಲ್ಲ ರೀ. ನಮ್ಮಲ್ಲೇ ಒಂದು ಸ್ಕೂಲ್‌ನವರು ಹೆಣ್ಣುಮಕ್ಕಳ ಬ್ಯಾಚ್ ಮಾಡೋಣ ಅಂತ ಕೇಳಿದ್ದಾರೆ. ಸಿಬ್ಬಂದಿ ಅಂತ ನನ್ನ ಹೆಸರನ್ನು ದಾಖಲೆಯಲ್ಲಿ ಹಾಕಿದರೆ ಮಾತ್ರ ಬರುತ್ತೇನೆ ಅಂದಿದ್ದೇನೆ. ಗೋಡೆಗೆ ಸರ್ಟಿಫಿಕೇಟ್ ಬಾಡಿಗೆ ಕೊಡೋದಕ್ಕೂ ಒಬ್ಬರು ಕೇಳಿದರು, ತಿಂಗಳಿಗೆ ಇಷ್ಟು ಅಂತ. ಬೇಡ ಅಂದೆ.

ಕೋಟೆಬೀದಿ:
ಅಕ್ಕಾ, ಸೇರಿಕೊಂಡರೆ ಹೇಳಿ. ನನ್ನ ಹೆಂಡತಿಯನ್ನು ಕಳಿಸುತ್ತೇನೆ, ನನ್ನ ಹತ್ತಿರ ಕಲಿಯಲ್ಲ ಅಂತ ಹಟ ಹಿಡಿದಿದ್ದಾಳೆ.

ನೌಬಾದ್‌ಅಕ್ಕ:
ಯಾಕೆ ಅಂತ ಊಹೆ ಮಾಡಬಲ್ಲೆ 😄 ಕಳಿಸಿ.

ಗಂಜ್‌ರೋಡ್:
ಎಲ್ಲರಿಗೂ ಭಾಳ ಧನ್ಯವಾದ ರೀ. ಮಾಲೀಕರ ಹತ್ತಿರ ಮಾತಾಡಿದೆ. ಮೊದಲು ಗರಂ ಆದರು, ಆಮೇಲೆ "ಸರಿ, ನೀನು ಓದು, ಬೆಳಗಿನ ಬ್ಯಾಚ್ ಬಿಡಬೇಡ" ಅಂದರು. ಡೀಸೆಲ್ ಟ್ರೇಡ್‌ಗೆ ಅರ್ಜಿ ಹಾಕುತ್ತೇನೆ. ಆದರೆ ಇನ್ನೊಂದು ವಿಷಯ ಇದೆ. ಫಾರ್ಮ್ 15ರ ರಿಜಿಸ್ಟರ್‌ನಲ್ಲಿ ಬೋಧಕರ ಸಹಿ ಇರೋ ಜಾಗದಲ್ಲಿ ಆ ಗೋಡೆ ಮೇಲಿನವರ ಹೆಸರಿನಲ್ಲಿ ಸಹಿ ಮಾಡು ಅಂತಾರೆ. ಹುಡುಗರು ಬರದ ದಿನಕ್ಕೂ ಅರ್ಧ ಗಂಟೆ ಬರೆ ಅಂತಾರೆ. ಏನು ಮಾಡಲಿ?

ಫಾರ್ಮ್‌ಹನ್ನೆರಡು:
ಮಾಡಬೇಡಿ. ಬೇರೆಯವರ ಹೆಸರಿನಲ್ಲಿ ಸಹಿ ಹಾಕಿದ ಕ್ಷಣ ಅದು ಸ್ಕೂಲಿನ ತಪ್ಪಾಗಿ ಉಳಿಯಲ್ಲ, ನಿಮ್ಮ ತಪ್ಪಾಗುತ್ತದೆ. ಅಪಘಾತ ಆದರೆ ಪೊಲೀಸರು ಮೊದಲು ಎತ್ತಿಕೊಳ್ಳುವುದು ಆ ಪುಸ್ತಕವನ್ನೇ.

ತೊಗರಿಕಣಜ:
ಈ ಒಂದು ವಿಷಯಕ್ಕೆ ನಾನೂ ಒಪ್ಪುತ್ತೇನೆ ಅಣ್ಣಾ. ಸಹಿ ಮಾಡಬೇಡ. ನನ್ನ ಭಾವನ ಸ್ಕೂಲ್ ಮುಚ್ಚಿದ್ದು ಬರೀ ಪೆಟ್ರೋಲ್‌ನಿಂದ ಅಲ್ಲ, ಒಂದು ರಿಜಿಸ್ಟರ್‌ನಿಂದಲೂ ಹೌದು.

ಬಿಸಿಲೂರಿನವ:
ಆ ಕಥೆ ಪೂರ್ತಿ ಹೇಳಿ ಮತ್ತೆ.

ತೊಗರಿಕಣಜ:
ಇಲ್ಲಿ ಬೇಡ. ಭಾವನೂ ಈ ಗುಂಪಲ್ಲಿ ಇದ್ದಾನೆ.